ಢುಂಗ್ರಿಯ ಅಜ್ಜಿ

ನಮ್ಮ ದಕ್ಷಿಣ ಕನ್ನಡದ ಯಕ್ಷಗಾನದಲ್ಲಿ ಹಿಡಿಂಬೆ ಎಂದರೆ ಹೆಣ್ಣುಬಣ್ಣ. ಅಬ್ಬರಿಸಿಕೊಂಡೇ ರಂಗಕ್ಕೆ ಬರುವ ರಕ್ಕಸಿ. ಅವಳಿಗೆ ಗುಡಿ ಕಟ್ಟಿದ್ದಾರೆ ಎಂದಾಗ ಅಮ್ಮ ನಂಬಲಿಲ್ಲ. ಹಾಗಾಗಿ ಹಿಮಾಚಲದ ಮನಾಲಿಗೆ, ಆ ಗುಡಿಯಿರುವ ಢುಂಗ್ರಿಗೆ ಕರೆದುಕೊಂಡು ಹೋದೆ.

ಮೊದಲ ದಿನ ಹೊತ್ತು ತಪ್ಪಿತು. ಹನ್ನೊಂದು ಗಂಟೆಗೆ ಸಾಲು ಗುಡಿಯನ್ನೇ ಸುತ್ತಿಕೊಂಡು ನಿಂತಿತ್ತು. ಯಾಕ್ ಮೇಲೆ ಕುಳಿತು, ಮೊಲ ಎತ್ತಿಕೊಂಡು ಫೋಟೊ ತೆಗೆಸಿಕೊಳ್ಳುವವರ ಗದ್ದಲ ಬೇರೆ. ಹಿಂದಿರುಗಿದೆವು. ಮರುದಿನ ಬಾಗಿಲು ತೆರೆಯುವ ಮೊದಲೇ ಆಟೊ ಹಿಡಿದೆವು. ಮಾಲ್ ರಸ್ತೆಯಿಂದ ಎರಡು ಕಿಲೋಮೀಟರಷ್ಟೇ, ಆದರೆ ಏರು ಅಮ್ಮನ ಮೊಣಕಾಲಿಗೆ ಆಗದು.

ಕಾದ ಅರ್ಧ ಗಂಟೆಯೇ ನಿಜವಾದ ದರ್ಶನ. ದೇವದಾರುಗಳ ನಡುವೆ ಒಂದರ ಮೇಲೊಂದು ಮೂರು ಮರದ ಮಾಡು, ತುದಿಯಲ್ಲಿ ಲೋಹ ಹೊದಿಸಿದ ಗೋಪುರ. ಒಟ್ಟು 24 ಮೀಟರ್. ಕುಲ್ಲುವಿನ ಅರಸ ಬಹಾದೂರ್ ಸಿಂಗ್ 1553ರಲ್ಲಿ ಕಟ್ಟಿಸಿದ್ದು. ಹಿಮ ಜಾರಿ ಬೀಳಲೆಂದು ಇಳಿಜಾರು ಮಾಡು, ನಮ್ಮಲ್ಲಿ ಮಳೆಗೆ ಮಾಡುವಂತೆಯೇ. ಬಾಗಿಲವಾಡದ ಕೆತ್ತನೆಯಲ್ಲಿ ಗಣಪತಿ, ಅವನ ಮೇಲೆ ನವಗ್ರಹ, ಕೆಳಗೆ ದುರ್ಗೆ. ಗೋಡೆಯಲ್ಲಿ ಕಾಡುಪ್ರಾಣಿಗಳ ಕೊಂಬುಗಳು. ಕಾಲುಚೀಲ ಎರಡು ಜೊತೆ ಹಾಕಿಕೊಳ್ಳದೆ ಬಂದದ್ದಕ್ಕೆ ನನ್ನನ್ನೇ ಬೈದುಕೊಂಡೆ. ಚಪ್ಪಲಿ ಬಿಟ್ಟರೆ ಆ ಕಲ್ಲು ಮಂಜುಗಡ್ಡೆ.

ಒಳಗೆ ತಲೆ ತಗ್ಗಿಸಿಯೇ ಹೋಗಬೇಕು. ದೊಡ್ಡ ಮೂರ್ತಿ ಹುಡುಕಿದರೆ ಸಿಗದು. ಗರ್ಭಗುಡಿಯನ್ನೆಲ್ಲ ತುಂಬಿದ ಬಂಡೆ, ಅದರಡಿಯಲ್ಲಿ ದೇವಿಯ ಪಾದದ ಗುರುತು, ಅಂಗೈಯೊಳಗೆ ಹಿಡಿಸುವಷ್ಟು ಪುಟ್ಟ ಹಿತ್ತಾಳೆ ಪ್ರತಿಮೆ. ಬಂಡೆಯೇ ಮೊದಲು, ಗುಡಿ ಆಮೇಲೆ ಬಂದದ್ದು ಎಂದು ನೋಡಿದೊಡನೆ ತಿಳಿಯುತ್ತದೆ.

ಹೊರಗೆ ಊರಿನ ಹೆಂಗಸೊಬ್ಬರು, ಕುಲ್ಲು ದಸರೆ ಇವಳು ಬಾರದೆ ಆರಂಭವಾಗುವುದಿಲ್ಲ, ಅರಸುಮನೆಗೆ ಇವಳು ‘ದಾದಿ’ ಎಂದರು. ಅಮ್ಮನಿಗೆ ಆ ಒಂದು ಪದ ಮಾತ್ರ ಅರ್ಥವಾಯಿತು.

“ಪಾಪ, ಭೀಮನ ಹೆಂಡತಿ ಅರಮನೆಯಲ್ಲಿ ದಾದಿಯಾದಳೇ?”

“ದಾದಿಯಲ್ಲಮ್ಮ, ಅಜ್ಜಿ. ಹಿಂದಿಯಲ್ಲಿ ಅಜ್ಜಿಗೆ ಹಾಗೆನ್ನುತ್ತಾರೆ.”

ಅಮ್ಮ ಒಂದು ಗಳಿಗೆ ಸುಮ್ಮನಿದ್ದರು. “ಹಾಗಾದರೆ ಮಗನೆಲ್ಲಿ?”

ಮಗ ಹತ್ತಿರದಲ್ಲೇ ಇದ್ದ. ಘಟೋತ್ಕಚನಿಗೆ ಗೋಡೆಯೂ ಇಲ್ಲ, ಮಾಡೂ ಇಲ್ಲ. ಒಂದು ದೇವದಾರು ಮರದ ಬುಡ, ಕಾಂಡದ ತುಂಬ ಕೊಂಬುಗಳು. ಅಮ್ಮ ಚೀಲದಿಂದ ಬೆಲ್ಲದ ಚೂರು ತೆಗೆದು ಬೇರಿನ ಮೇಲಿಟ್ಟರು.