ಬ್ಯಾಕಪ್‌ಗೆ ಅವಧಿ ಗೊತ್ತುಪಡಿಸುವುದು ಹೇಗೆ?

ರಾಶಿ, ಬೆಟ್ಟೆ, ಗೊರಬಲುಗಳ ತೂಕವನ್ನೂ ಬೆಳೆಗಾರರಿಗೆ ಕೊಟ್ಟ ಮುಂಗಡವನ್ನೂ ಎಸ್‌ಕ್ಯೂಎಲ್ ಸರ್ವರ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಬರೆದಿಡುವ ಸಾಗರದ ಅಡಿಕೆ ಮಂಡಿಯೊಂದಕ್ಕೆ ಎರಡು ಬಗೆಯ ಬ್ಯಾಕಪ್ ಬೇಕಾಗುತ್ತದೆ: ದಿನದ್ದು ಮತ್ತು ಮಾರ್ಚ್ 31ರ ವರ್ಷಾಂತ್ಯದ್ದು. ಮೊದಲನೆಯದು ವಾರ ಕಳೆದರೆ ಹಳತಾಗುತ್ತದೆ. ಎರಡನೆಯದನ್ನು ವರ್ಷಗಟ್ಟಲೆ ಕಾಯ್ದಿಡಬೇಕು. ಈ ಅವಧಿಯನ್ನು ಗುಮಾಸ್ತರ ನೆನಪಿಗೆ ಬಿಡದೆ ಕೋಡ್‌ನಲ್ಲಿಯೇ ನಮೂದಿಸಬಹುದು.

ಮೊದಲು ಎರಡಕ್ಕೂ ಬೇರೆ ಬೇರೆ ಫೈಲ್ ಇಡಬೇಕು. ಒಂದೇ ಫೈಲ್‌ನಲ್ಲಿ ಅವಧಿ ಮುಗಿಯದ ಒಂದು ಬ್ಯಾಕಪ್ ಇದ್ದರೂ ಸರ್ವರ್ ಇಡೀ ಫೈಲನ್ನು ತಿದ್ದಿ ಬರೆಯಲು ಒಪ್ಪುವುದಿಲ್ಲವಾದ್ದರಿಂದ, ವರ್ಷಾಂತ್ಯದ ಪ್ರತಿಯು ದಿನದ ಕೆಲಸವನ್ನೇ ತಡೆದುಬಿಡುತ್ತದೆ.

ದಿನದ ಬ್ಯಾಕಪ್‌ಗೆ ವಾರದ ಏಳು ದಿನಗಳ ಹೆಸರಿನಲ್ಲಿ ಏಳು ಫೈಲ್‌ಗಳನ್ನು ಮಾಡಿ, ‘ಬ್ಯಾಕಪ್ ಡೇಟಾಬೇಸ್’ ಆಜ್ಞೆಯ ಕೊನೆಗೆ ‘ವಿತ್ ಇನಿಟ್, ರಿಟೇನ್‌ಡೇಸ್ = 6’ ಎಂದು ಸೇರಿಸಬೇಕು. ‘ಇನಿಟ್’ ಎಂದರೆ ಫೈಲ್‌ನಲ್ಲಿರುವ ಹಳೆಯದರ ಮೇಲೆ ಹೊಸದನ್ನು ಬರೆ ಎಂದು; ‘ರಿಟೇನ್‌ಡೇಸ್’ ಎಂದರೆ ಎಷ್ಟು ದಿನ ಕಾಯ್ದಿಡಬೇಕು ಎಂದು. ಏಳರ ಬದಲು ಆರು ಎಂದು ಕೊಟ್ಟರೆ ಮುಂದಿನ ಸೋಮವಾರದ ಹೊತ್ತಿಗೆ ಹಿಂದಿನ ಸೋಮವಾರದ ಅವಧಿ ನಿಸ್ಸಂದೇಹವಾಗಿ ಮುಗಿದಿರುತ್ತದೆ.

ವರ್ಷಾಂತ್ಯದ್ದಕ್ಕೆ ದಿನಗಳ ಎಣಿಕೆಗಿಂತ ತಾರೀಖೇ ಲೇಸು. ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನಂತೆ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು ಉಳಿಸಿಕೊಳ್ಳಬೇಕು. 2026ರ ಮಾರ್ಚ್ 31ಕ್ಕೆ ಮುಗಿಯುವ ವರ್ಷಕ್ಕೆ ಆ ಕೊನೆಯ ದಿನವನ್ನು 2026ರ ಡಿಸೆಂಬರ್ 31 ಎಂದು ಹಿಡಿದರೆ ಅವಧಿ 2032ರ ಕೊನೆಯವರೆಗೂ ಸಾಗುತ್ತದೆ. ಕೆಲವು ತಿಂಗಳು ಕೈಯಲ್ಲಿರಲಿ ಎಂದು ಆಜ್ಞೆಯಲ್ಲಿ ‘ರಿಟೇನ್‌ಡೇಸ್’ ಬದಲು, ಅವಧಿ ಮುಗಿಯುವ ತಾರೀಖನ್ನು ಹೇಳುವ ‘ಎಕ್ಸ್‌ಪೈರ್‌ಡೇಟ್’ಗೆ ‘20330331’ ಕೊಡುವುದು ಒಳ್ಳೆಯದು. ವರ್ಷ, ತಿಂಗಳು, ದಿನ ಎಂಬ ಈ ಕ್ರಮವನ್ನು ಬಿಡಬಾರದು; 05-06 ಎಂದು ಬರೆದರೆ ಅದು ಮೇ ತಿಂಗಳೋ ಜೂನೋ ಎಂಬುದು ಸರ್ವರ್‌ನ ಭಾಷಾ ಸೆಟ್ಟಿಂಗ್‌ಗೆ ಬಿಟ್ಟ ವಿಷಯವಾಗುತ್ತದೆ. ಸಿ ಶಾರ್ಪ್ ಭಾಷೆಯಲ್ಲಿ ಎಸ್‌ಎಂಒ (ಸರ್ವರನ್ನು ಕೋಡ್‌ನಿಂದ ನಿರ್ವಹಿಸುವ ಲೈಬ್ರರಿ) ಬಳಸುವವರು ‘ಬ್ಯಾಕಪ್’ ಆಬ್ಜೆಕ್ಟ್‌ನ ‘ಎಕ್ಸ್‌ಪಿರೇಶನ್‌ಡೇಟ್’ಗೆ ಇದೇ ತಾರೀಖನ್ನು ಕೊಡಬಹುದು. ಆಜ್ಞೆಯಲ್ಲಿ ‘ಎಕ್ಸ್‌ಪೈರ್‌ಡೇಟ್’, ‘ರಿಟೇನ್‌ಡೇಸ್’ ಎರಡನ್ನೂ ಬರೆದರೆ ‘ರಿಟೇನ್‌ಡೇಸ್’ ಹೇಳಿದ್ದೇ ನಡೆಯುತ್ತದೆ.

ಅವಧಿ ಮುಗಿದ ಫೈಲ್ ತಾನಾಗಿ ಅಳಿಯುತ್ತದೆಂದು ಹಲವರು ನಂಬಿದ್ದಾರೆ, ಅದು ತಪ್ಪು. ಸರ್ವರ್ ಆ ಫೈಲನ್ನು ತಿದ್ದಿ ಬರೆಯದಂತೆ ಈ ತಾರೀಖು ತಡೆಯುತ್ತದೆ, ಅಷ್ಟೇ. ಹಳೆಯದನ್ನು ತೆಗೆಯಲು ಬೇರೆ ಸ್ಕ್ರಿಪ್ಟ್ ಬೇಕು, ಮತ್ತು ವಿಂಡೋಸ್‌ನಲ್ಲಿ ಯಾರಾದರೂ ಡಿಲೀಟ್ ಒತ್ತಿದರೆ ಇದು ಕಾಯುವುದೂ ಇಲ್ಲ. ಅಂತರ್ಜಾಲದಿಂದ ಎತ್ತಿಕೊಂಡ ಆಜ್ಞೆಗಳಲ್ಲಿ ‘ಸ್ಕಿಪ್’ ಅಥವಾ ‘ಫಾರ್ಮ್ಯಾಟ್’ ಇದ್ದರೆ ತೆಗೆದುಹಾಕಬೇಕು, ಏಕೆಂದರೆ ಅವು ತಾರೀಖಿನ ಪರೀಕ್ಷೆಯನ್ನೇ ಬದಿಗಿಡುತ್ತವೆ.

ಕೊನೆಯದಾಗಿ ‘ರಿಸ್ಟೋರ್ ಹೆಡರ್‌ಓನ್ಲಿ’ ನಡೆಸಿ ತಾರೀಖು ಸರಿಯಾಗಿ ಬಿದ್ದಿದೆಯೇ ಎಂದು ನೋಡಿ, ಅದೇ ಫೈಲ್‌ಗೆ ‘ಇನಿಟ್’ ಸಹಿತ ಮತ್ತೊಮ್ಮೆ ಬ್ಯಾಕಪ್ ಮಾಡಿ ನೋಡಬೇಕು: 4030 ಸಂಖ್ಯೆಯ ದೋಷ ತೋರಿಸಿ ಕೆಲಸ ನಿಂತರೆ ಕಾವಲು ಸರಿಯಾಗಿದೆ.