ಮಧುರೆ–ರಾಮೇಶ್ವರ ಯಾತ್ರೆಯನ್ನು ದೇವಸ್ಥಾನದ ವೇಳೆಗೆ ಹೊಂದಿಸಿಕೊಳ್ಳುವ ಬಗೆ

ಬೆಂಗಳೂರಿನಿಂದ ಮಧುರೆಗೆ ಸುಮಾರು 430 ಕಿಲೋಮೀಟರ್, ಅಲ್ಲಿಂದ ರಾಮೇಶ್ವರಕ್ಕೆ ಮತ್ತೆ ಸುಮಾರು 170 ಕಿಲೋಮೀಟರ್. ಈ ದೂರವನ್ನು ಮಾತ್ರ ಲೆಕ್ಕ ಹಾಕಿ ಹೊರಟವರು ಮಧ್ಯಾಹ್ನದ ಬಿಸಿಲಿನಲ್ಲಿ ಮುಚ್ಚಿದ ಬಾಗಿಲಿನೆದುರು ಕುಳಿತಿರುವುದನ್ನು ಎರಡೂ ಊರುಗಳಲ್ಲಿ ನೋಡಬಹುದು. ಮೀನಾಕ್ಷಿ ದೇವಸ್ಥಾನವು ಮಧ್ಯಾಹ್ನ 12.30ರ ಹೊತ್ತಿಗೆ ಮುಚ್ಚಿ ಸಂಜೆ 4ಕ್ಕೆ ತೆರೆಯುತ್ತದೆ; ರಾಮೇಶ್ವರದ ರಾಮನಾಥಸ್ವಾಮಿ ದೇವಸ್ಥಾನವು 1 ಗಂಟೆಗೆ ಮುಚ್ಚಿ 3ಕ್ಕೆ ತೆರೆಯುತ್ತದೆ. ಹಬ್ಬದ ದಿನಗಳಲ್ಲಿ ಈ ವೇಳೆ ಬದಲಾಗುವುದುಂಟು. ಆದ್ದರಿಂದ ಮೊದಲು ದೇವರ ವೇಳೆಯನ್ನು ಬರೆದಿಟ್ಟುಕೊಂಡು, ರೈಲು, ವಸತಿ, ಊಟಗಳನ್ನು ಅದರ ಸುತ್ತ ಹೊಂದಿಸಿಕೊಳ್ಳುವುದೇ ಸರಿಯಾದ ಕ್ರಮವೆಂದು ನನ್ನ ಅಭಿಪ್ರಾಯ.

ಹೊರಡುವ ತಿಂಗಳನ್ನೂ ಆರಿಸಿಕೊಳ್ಳಬೇಕು. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಆ ಕರಾವಳಿಯಲ್ಲಿ ಹಿಂಗಾರು ಮಳೆ, ಕೆಲವೊಮ್ಮೆ ಚಂಡಮಾರುತ. ಡಿಸೆಂಬರ್, ಜನವರಿಯಲ್ಲಿ ಶಬರಿಮಲೆಗೆ ಹೋಗಿಬರುವ ಅಯ್ಯಪ್ಪ ಭಕ್ತರ ದಟ್ಟಣೆ. ಆಷಾಢ, ಪುಷ್ಯ ಮತ್ತು ಮಹಾಲಯದ ಅಮಾವಾಸ್ಯೆಗಳಂದು ಪಿತೃಕಾರ್ಯಕ್ಕೆ ಸಾವಿರಾರು ಜನ ಸೇರುವುದರಿಂದ, ಆ ಕಾರ್ಯವೇ ಉದ್ದೇಶವಾಗಿರದಿದ್ದರೆ ಆ ದಿನಗಳನ್ನು ಬಿಡುವುದು ಒಳ್ಳೆಯದು. ಫೆಬ್ರವರಿಯಲ್ಲಿ ಶಿವರಾತ್ರಿಯ ಸುತ್ತಿನ ದಿನಗಳನ್ನು ಬಿಟ್ಟು ಹೋದರೆ ಹಿರಿಯರಿಗೂ ಸುಲಭ.

ಮೈಸೂರಿನಿಂದ ಬೆಂಗಳೂರು ಮಾರ್ಗವಾಗಿ ತೂತ್ತುಕುಡಿಗೆ ಹೋಗುವ ರಾತ್ರಿಯ ರೈಲು ಬೆಳಿಗ್ಗೆ ಮಧುರೆಯಲ್ಲಿ ಇಳಿಸುತ್ತದೆ. ನಿಲ್ದಾಣದಿಂದ ದೇವಸ್ಥಾನ ನಡೆದು ಹೋಗುವಷ್ಟು ಹತ್ತಿರ. ಇಳಿದ ಕೂಡಲೇ ಸಾಲಿಗೆ ಓಡದೆ, ಮಧ್ಯಾಹ್ನ ವಿಶ್ರಾಂತಿ ಪಡೆದು ಸಂಜೆ 4ಕ್ಕೆ ಹೋಗುವುದು ಮೇಲು. ತಮಿಳುನಾಡಿನ ದೇವಸ್ಥಾನಗಳಲ್ಲಿ ಮೊಬೈಲ್ ಒಯ್ಯುವುದನ್ನು ನಿಷೇಧಿಸುವಂತೆ ಮದ್ರಾಸ್ ಹೈಕೋರ್ಟಿನ ಮಧುರೆ ಪೀಠವು 2022ರ ಡಿಸೆಂಬರಿನಲ್ಲಿ ಆದೇಶಿಸಿದೆ. ಫೋನನ್ನು ಕೋಣೆಯಲ್ಲೇ ಬಿಟ್ಟು ಹೋದರೆ ಅದನ್ನು ಠೇವಣಿಯಿಡುವ ಸಾಲು ತಪ್ಪುತ್ತದೆ. ಆದರೆ ಒಳಗೆ ಬೇರೆಬೇರೆಯಾದರೆ ಪರಸ್ಪರ ಹುಡುಕುವುದು ಕಷ್ಟ. ಹೊರಗೆ ಯಾವ ಗೋಪುರದ ಬಳಿ ಸೇರಬೇಕೆಂದು ಮೊದಲೇ ಮಾತಾಡಿಕೊಳ್ಳಿ. ನಾಲ್ಕು ದಿಕ್ಕಿನ ರಾಜಗೋಪುರಗಳೂ ಹೊಸಬರಿಗೆ ಒಂದೇ ರೀತಿ ಕಾಣುತ್ತವೆ. ಅಷ್ಟಶಕ್ತಿ ಮಂಟಪದ ಕಡೆಯಿಂದ ಒಳಹೋಗಿ, ಮೊದಲು ಮೀನಾಕ್ಷಿಯನ್ನೂ ನಂತರ ಸುಂದರೇಶ್ವರನನ್ನೂ ನೋಡುವುದು ಅಲ್ಲಿನ ಪದ್ಧತಿ. ಸಾಧ್ಯವಾದರೆ ರಾತ್ರಿಯ ಪಳ್ಳಿಯರೈ ಪೂಜೆಯವರೆಗೆ ಇರಬೇಕು. ವಾದ್ಯದೊಡನೆ ಸುಂದರೇಶ್ವರನು ಪಲ್ಲಕ್ಕಿಯಲ್ಲಿ ಮೀನಾಕ್ಷಿಯ ಶಯನಗೃಹಕ್ಕೆ ಬರುವ ಆ ಹೊತ್ತು, ಹಗಲಿನ ನೂಕುನುಗ್ಗಲಿನಲ್ಲಿ ಕಾಣದ ಮಧುರೆಯನ್ನು ತೋರಿಸುತ್ತದೆ.

ಮರುದಿನ ರಾಮನಾಥಪುರದ ಮಾರ್ಗವಾಗಿ ಹೊರಡಬೇಕು. ಕಾರಿದ್ದವರು ದಾರಿಯಲ್ಲಿ ತಿರುಪ್ಪುಲ್ಲಾಣಿಯನ್ನು ಸೇರಿಸಿಕೊಳ್ಳಬಹುದು. ಸಮುದ್ರರಾಜನಿಂದ ದಾರಿ ಬೇಡಿ ರಾಮನು ದರ್ಭೆಯ ಮೇಲೆ ಮಲಗಿದ್ದನೆಂಬ ಕ್ಷೇತ್ರವದು. ದೇವಿಪಟ್ಟಣದಲ್ಲಿ ಸಮುದ್ರದ ನೀರಿನೊಳಗೆ ನಿಂತ ಒಂಬತ್ತು ಕಲ್ಲುಗಳನ್ನು ನವಗ್ರಹಗಳೆಂದು ಪೂಜಿಸುತ್ತಾರೆ. ಎರಡಕ್ಕೂ ಸಮಯವಿಲ್ಲದಿದ್ದರೆ ತಿರುಪ್ಪುಲ್ಲಾಣಿಯನ್ನೇ ಆರಿಸಿಕೊಳ್ಳಿ. ರೈಲಿನಲ್ಲಿ ಹೋಗುವವರು 2025ರ ಏಪ್ರಿಲಿನಲ್ಲಿ ಉದ್ಘಾಟನೆಯಾದ ಹೊಸ ಪಾಂಬನ್ ಸೇತುವೆಯನ್ನು ದಾಟುತ್ತಾರೆ. 1914ರ ಹಳೆಯ ಸೇತುವೆ ಅದರ ಪಕ್ಕದಲ್ಲಿತ್ತು. ಹಡಗಿಗೆ ದಾರಿ ಕೊಡಲು ಹೊಸ ಸೇತುವೆಯ ನಡುಭಾಗವು ನೇರವಾಗಿ ಮೇಲಕ್ಕೇರುತ್ತದೆ. ಆ ರಾತ್ರಿ ರಾಮೇಶ್ವರದಲ್ಲೇ ತಂಗುವುದು ಅಗತ್ಯ, ಏಕೆಂದರೆ ಅಲ್ಲಿನ ಮುಖ್ಯ ಕಾರ್ಯಗಳೆಲ್ಲವೂ ಬೆಳಗಿನವು.

ಬೆಳಗಿನ ಜಾವ 4ಕ್ಕೆ ಎದ್ದು, ಕೋಣೆಯಲ್ಲಿ ಸ್ನಾನ ಮಾಡಿ, ಮಡಿ ಬಟ್ಟೆಯಲ್ಲಿ ಸ್ಫಟಿಕಲಿಂಗದ ದರ್ಶನಕ್ಕೆ ಹೋಗಬೇಕು. ಅದು ಸುಮಾರು 5ರಿಂದ 6ರವರೆಗೆ ಮಾತ್ರ. ಅನಂತರ ದೇವಸ್ಥಾನದ ಪೂರ್ವಕ್ಕಿರುವ ಅಗ್ನಿತೀರ್ಥವೆಂಬ ಸಮುದ್ರದಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲೇ ದೇವಸ್ಥಾನದೊಳಗಿನ 22 ತೀರ್ಥಗಳಿಗೆ ಹೋಗುವುದು ಕ್ರಮ. ಮಹಾಲಕ್ಷ್ಮಿ ತೀರ್ಥದಿಂದ ಆರಂಭಿಸಿ ಒಂದೊಂದು ಬಾವಿಯ ಬಳಿಯೂ ಬಕೆಟ್ ಹಿಡಿದು ನಿಂತವರು ನೀರು ಸೇದಿ ತಲೆಯ ಮೇಲೆ ಸುರಿಯುತ್ತಾರೆ. ಇದಕ್ಕೆ ದೇವಸ್ಥಾನದ ಚೀಟಿಯಿದೆ. ಬೇಗ ಮಾಡಿಸುತ್ತೇವೆಂದು ಬರುವವರೊಡನೆ ಒಪ್ಪಂದಕ್ಕೆ ಇಳಿಯುವ ಮೊದಲು ಚೀಟಿಯ ಕೌಂಟರಿಗೆ ಹೋಗಿ. ಕಲ್ಲಿನ ನೆಲ ಸದಾ ಒದ್ದೆಯಾಗಿದ್ದು ಜಾರುತ್ತದೆ. ನಮ್ಮ ತಾಯಿಯವರನ್ನು ಕರೆದೊಯ್ದಾಗ ಅವರ ಎರಡೂ ಕೈ ಹಿಡಿದು ನಡೆಸಬೇಕಾಯಿತು. ಮಂಡಿನೋವಿದ್ದವರು ಎಲ್ಲ ಬಾವಿಗಳನ್ನೂ ಸುತ್ತಲೇಬೇಕೆಂದು ಹಟ ಹಿಡಿಯದೆ, ತೀರ್ಥವನ್ನು ಪ್ರೋಕ್ಷಿಸಿಕೊಂಡರೂ ಸಾಕು. ಕೊನೆಯದಾದ ಕೋಟಿತೀರ್ಥದ ನೀರನ್ನು ಮನೆಗೆ ಒಯ್ಯುವ ರೂಢಿಯಿರುವುದರಿಂದ ಒಂದು ಸಣ್ಣ ಪಾತ್ರೆ ಜೊತೆಗಿರಲಿ.

ಒದ್ದೆ ಬಟ್ಟೆಯಲ್ಲಿ ಗರ್ಭಗುಡಿಯ ದರ್ಶನಕ್ಕೆ ಬಿಡುವುದಿಲ್ಲವಾದ್ದರಿಂದ, ಒಣ ಪಂಚೆ, ಸೀರೆ, ಟವೆಲುಗಳ ಒಂದು ಚೀಲವನ್ನು ಸ್ನಾನಕ್ಕೆ ಹೋಗದ ಒಬ್ಬರ ಕೈಯಲ್ಲಿ ಕೊಟ್ಟಿರಬೇಕು. ಒಳಗೆ ಎರಡು ಲಿಂಗಗಳಿವೆ: ಸೀತೆ ಮರಳಿನಿಂದ ಮಾಡಿದ ರಾಮಲಿಂಗ, ಹನುಮಂತ ಕೈಲಾಸದಿಂದ ತಂದ ವಿಶ್ವಲಿಂಗ. ತಡವಾಗಿ ಬಂದ ಹನುಮಂತನಿಗೆ ನೋವಾಗದಂತೆ ರಾಮನು ವಿಶ್ವಲಿಂಗಕ್ಕೇ ಮೊದಲ ಪೂಜೆಯೆಂದು ವಿಧಿಸಿದನೆಂಬ ನಂಬಿಕೆ ಇಂದಿಗೂ ನಡೆದುಬಂದಿದೆ. ಮನೆಯಲ್ಲಿ ಕಾಶಿಯ ಗಂಗಾಜಲವಿದ್ದರೆ ಮರೆಯದೆ ತನ್ನಿ, ಗಂಗಾಭಿಷೇಕದ ಸೇವೆಗೆ ಪ್ರತ್ಯೇಕ ಚೀಟಿ ದೊರೆಯುತ್ತದೆ. ಇಲ್ಲಿನ ಮರಳನ್ನು ಪ್ರಯಾಗದ ತ್ರಿವೇಣಿಯಲ್ಲಿ ಬಿಟ್ಟು, ಗಂಗೆಯನ್ನು ತಂದು ರಾಮನಾಥನಿಗೆ ಎರೆದ ಮೇಲೆಯೇ ಕಾಶಿಯಾತ್ರೆ ಪೂರ್ಣವಾಗುತ್ತದೆಂದು ನಮ್ಮ ಹಿರಿಯರು ಭಾವಿಸಿದ್ದರು. ಹೊರಬರುವಾಗ ಮೂರನೆಯ ಪ್ರಾಕಾರವನ್ನು ಪೂರ್ತಿ ಸುತ್ತಿ. ಸಾಲುಸಾಲಾಗಿ ನಿಂತ ಅದರ 1,212 ಕಂಬಗಳ ನಡುವೆ ಅವಸರವಿಲ್ಲದೆ ನಡೆಯಬೇಕು.

ಬಾಗಿಲು ಮುಚ್ಚುವ ಮಧ್ಯಾಹ್ನವನ್ನು ಧನುಷ್ಕೋಟಿಗೆ ಮೀಸಲಿಡಿ. 1964ರ ಡಿಸೆಂಬರಿನ ಚಂಡಮಾರುತವು ಈ ಊರನ್ನೂ ಅಲ್ಲಿಗೆ ಬರುತ್ತಿದ್ದ ರೈಲನ್ನೂ ನುಂಗಿತು. ಚರ್ಚು ಮತ್ತು ನಿಲ್ದಾಣದ ಗೋಡೆಗಳು ಮರಳಿನಲ್ಲಿ ಉಳಿದಿವೆ. ದಾರಿಯಲ್ಲಿರುವ, ವಿಭೀಷಣನ ಪಟ್ಟಾಭಿಷೇಕದ ಸ್ಥಳವೆನ್ನುವ ಕೋದಂಡರಾಮ ದೇವಸ್ಥಾನ ಆ ಗಾಳಿಯಲ್ಲೂ ನಿಂತಿತು. ಈಗ ನೆಲ ಮುಗಿಯುವ ತುದಿಯಾದ ಅರಿಚಲ್ ಮುನೈವರೆಗೆ ರಸ್ತೆಯಿದೆ, ಆದರೆ ನೆರಳಿಲ್ಲ. ಛತ್ರಿ, ಕುಡಿಯುವ ನೀರು ಜೊತೆಗಿರಲಿ, ಸಮುದ್ರಕ್ಕೆ ಇಳಿಯಬೇಡಿ. ಸಂಜೆಯಾದ ಮೇಲೆ ಆ ರಸ್ತೆಯಲ್ಲಿ ವಾಹನ ಬಿಡುವುದಿಲ್ಲವಾದ್ದರಿಂದ 3 ಗಂಟೆಗಿಂತ ಮೊದಲೇ ರಾಮೇಶ್ವರದಿಂದ ಹೊರಡಬೇಕು.