‘ಎನ್‌ಗ್ರೋಸ್’ ಪದವನ್ನು ಕನ್ನಡಕ್ಕೆ ತರುವ ಬಗೆ

ಇಂಗ್ಲಿಷ್ ವಾಕ್ಯದಲ್ಲಿ ‘ಎನ್‌ಗ್ರೋಸ್ಡ್’ ಎಂಬ ಪದ ಕಂಡೊಡನೆ ‘ತಲ್ಲೀನ’ ಎಂದು ಬರೆದು ಮುಂದೆ ಸಾಗುವುದು ಅನುವಾದದಲ್ಲಿ ರೂಢಿಯಾಗಿದೆ. ಬಹುಪಾಲು ಕಡೆ ಅದು ನಡೆಯುತ್ತದೆ. ಆದರೆ ಹಳೆಯ ಕಾನೂನು ಪತ್ರವನ್ನೋ ವ್ಯಾಪಾರದ ಚರಿತ್ರೆಯನ್ನೋ ಅನುವಾದಿಸುವಾಗ ಅದು ವಾಕ್ಯವನ್ನೇ ಕೆಡಿಸುತ್ತದೆ. ಆದ್ದರಿಂದ ಮೊದಲು ಪದದ ಬೇರನ್ನು ನೋಡಿಕೊಳ್ಳಬೇಕು.

‘ದಪ್ಪ’ ಎಂಬ ಅರ್ಥದ ಲ್ಯಾಟಿನ್ ಪದವೊಂದು ಫ್ರೆಂಚಿಗೆ ಬಂದು ‘ಗ್ರೋ’ ಆಯಿತು. ‘ಆನ್ ಗ್ರೋ’ ಎಂದರೆ ಸಗಟಾಗಿ; ‘ಎನ್‌ಗ್ರೋಸ್’ ಹುಟ್ಟಿದ್ದು ಇದರಿಂದಲೇ. ಮೊದಲು ಸಗಟು ವ್ಯಾಪಾರಿಗೆ ಸಲ್ಲುತ್ತಿದ್ದ ‘ಗ್ರೋಸರ್’ ಎಂಬ ಹೆಸರೂ, ಹನ್ನೆರಡು ಡಜನ್, ಅಂದರೆ 144ಕ್ಕೆ ಹೇಳುವ ‘ಗ್ರೋಸ್’ ಎಂಬ ಲೆಕ್ಕವೂ ಇದೇ ಬೇರಿನವು. ಬೆಲೆ ಏರಲೆಂದು ಪೇಟೆಯ ಸರಕನ್ನೆಲ್ಲ ಒಬ್ಬನೇ ಕೊಂಡು ಕೂಡಿಹಾಕುವುದನ್ನು ಇಂಗ್ಲೆಂಡಿನಲ್ಲಿ ‘ಎನ್‌ಗ್ರೋಸಿಂಗ್’ ಎನ್ನುತ್ತಿದ್ದರು. 1552ರ ಶಾಸನ ಅದನ್ನು ಶಿಕ್ಷಾರ್ಹವೆಂದು ಸಾರಿತು. 1844ರಲ್ಲಿ ಆ ಅಪರಾಧವನ್ನು ಕಾನೂನಿನಿಂದ ತೆಗೆದುಹಾಕಲಾಯಿತು. ಇಂಥ ಸಂದರ್ಭದಲ್ಲಿ ‘ಸರಕನ್ನೆಲ್ಲ ಸಗಟಾಗಿ ಕೊಂಡು ದಾಸ್ತಾನು ಮಾಡು’ ಎಂದೇ ಬರೆಯಬೇಕು.

ದಸ್ತಾವೇಜಿನ ಮಾತು ಬಂದರೆ ಅರ್ಥ ಬೇರೆ. ಕರಡನ್ನು ದಪ್ಪ, ದೊಡ್ಡ ಅಕ್ಷರಗಳಲ್ಲಿ ಅಂತಿಮವಾಗಿ ಬರೆಯುವುದಕ್ಕೂ ಇದೇ ಕ್ರಿಯಾಪದವಿದೆ. 1787ರಲ್ಲಿ ಅಮೆರಿಕದ ಸಂವಿಧಾನವನ್ನು ಚರ್ಮದ ಹಾಳೆಗಳ ಮೇಲೆ ಬರೆದ ಜೇಕಬ್ ಶಾಲಸ್ ಮಾಡಿದ್ದು ಈ ಕೆಲಸವನ್ನೇ. ನಮ್ಮ ವಕೀಲರ ಕಚೇರಿಗಳಲ್ಲಿಯೂ ಛಾಪಾ ಕಾಗದದ ಮೇಲೆ ಪತ್ರ ‘ಎನ್‌ಗ್ರೋಸ್’ ಆಗುವುದುಂಟು. ಇದಕ್ಕೆ ‘ಶುದ್ಧಪ್ರತಿ ಬರೆ’ ಎಂಬುದು ಒಪ್ಪುತ್ತದೆ.

ಮನಸ್ಸಿಗೆ ಸಂಬಂಧಿಸಿದ ಅರ್ಥ ಹುಟ್ಟಿದ್ದು ಪೇಟೆಯ ಅರ್ಥದಿಂದ. ವ್ಯಾಪಾರಿ ಸರಕನ್ನೆಲ್ಲ ಕೊಂಡು ಬೇರೆಯವರಿಗೆ ಏನೂ ಉಳಿಸದಂತೆ, ಒಂದು ವಿಷಯ ನಮ್ಮ ಗಮನವನ್ನೆಲ್ಲ ತೆಗೆದುಕೊಂಡು ಉಳಿದದ್ದಕ್ಕೆ ಏನೂ ಬಿಡುವುದಿಲ್ಲ. ಓದಿನಲ್ಲಾದರೆ ಕೊಳ್ಳುವ ವ್ಯಾಪಾರಿಯೇ ಪುಸ್ತಕ. ಓದುಗನ ಮನಸ್ಸು ಸರಕು. ‘ತಲ್ಲೀನ’ದ ಚಿತ್ರ ಇದಕ್ಕೆ ತಿರುಗುಮುರುಗು, ಏಕೆಂದರೆ ‘ತತ್’ ಮತ್ತು ‘ಲೀನ’ ಸೇರಿ ಆದ ಆ ಪದದಲ್ಲಿ ಮನುಷ್ಯನೇ ಹೋಗಿ ವಿಷಯದಲ್ಲಿ ಕರಗುತ್ತಾನೆ. ಆದ್ದರಿಂದ ಇಂಗ್ಲಿಷ್ ವಾಕ್ಯದ ಕರ್ತೃ ಯಾರೆಂದು ಮೊದಲು ನೋಡಿರಿ. ಮನುಷ್ಯನಾದರೆ ‘ತಲ್ಲೀನ’, ‘ಮಗ್ನ’ ಸಾಕು. ವಿಷಯವೇ ಕರ್ತೃವಾದರೆ ‘ಮನಸೂರೆಗೊಳ್ಳು’ ಎಂಬ ನಮ್ಮ ಕ್ರಿಯಾಪದ ಬಹಳ ಹತ್ತಿರದ್ದು, ಏಕೆಂದರೆ ಸೂರೆಯಾದಲ್ಲಿಯೂ ಏನೂ ಉಳಿಯುವುದಿಲ್ಲ. ಆದರೆ ಅದರಲ್ಲಿ ಸಂತೋಷದ ಛಾಯೆಯಿದೆ. ಮಗಳ ಜ್ವರದ ಚಿಂತೆ ತಾಯಿಯನ್ನು ‘ಎನ್‌ಗ್ರೋಸ್’ ಮಾಡಿತು ಎಂಬಲ್ಲಿ ‘ಮನಸ್ಸನ್ನೆಲ್ಲ ಆವರಿಸಿತು’ ಎನ್ನುವುದೇ ಸರಿ.

ಕಥೆಯಲ್ಲಾದರೆ ಪದಕ್ಕೆ ಪದ ಇಡಲೇಬೇಕೆಂದಿಲ್ಲ. ಹುಡುಗಿ ಕಾದಂಬರಿಯಲ್ಲಿ ‘ಎನ್‌ಗ್ರೋಸ್ಡ್’ ಆಗಿದ್ದಳು ಎಂಬ ವಾಕ್ಯವನ್ನು ನಾನು ಹೀಗೆ ತರುತ್ತೇನೆ: ‘ಒಲೆಯ ಮೇಲೆ ಹಾಲು ಉಕ್ಕಿ ಸೀದರೂ ಅವಳು ಪುಸ್ತಕದಿಂದ ತಲೆಯೆತ್ತಲಿಲ್ಲ.’